ಶಿವರಾಮ ಕಾರಂತರ ಬದುಕು ಮತ್ತು ಬರಹದ ಉಳಿಕೆ: ಸಂರಕ್ಷಣೆಯ ನೆಲೆಯಿಂದ ಒಂದು ಅವಲೋಕನ

1

ಲೇಖಕರೊಬ್ಬರು ಕಾಲವಾದ ಬಳಿಕ ಅವರ ಹೆಸರನ್ನು ಉಳಿಸುವ ಕೆಲಸಕ್ಕೂ ಅವರ ಕಾಗದಪತ್ರಗಳನ್ನು ಉಳಿಸುವ ಕೆಲಸಕ್ಕೂ ಬಹಳ ಅಂತರವಿದೆ. ಹೆಸರನ್ನು ಉಳಿಸಲು ಒಂದು ರಸ್ತೆ, ಒಂದು ಭವನ, ಒಂದು ಪ್ರಶಸ್ತಿ ಸಾಕು. ಕಾಗದಪತ್ರಗಳನ್ನು ಉಳಿಸಲು ಅವು ಎಲ್ಲಿವೆ, ಯಾರ ವಶದಲ್ಲಿವೆ, ಯಾರ ಕೈಬರಹದಲ್ಲಿವೆ, ಅವುಗಳ ಮೇಲಿನ ಹಕ್ಕು ಯಾರದು ಎಂಬ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಹುಡುಕಬೇಕಾಗುತ್ತದೆ. ಕನ್ನಡದಲ್ಲಿ ಮೊದಲ ಬಗೆಯ ಕೆಲಸ ಸಾಕಷ್ಟು ನಡೆದಿದೆ; ಎರಡನೆಯದು ಕೆಲವು ವ್ಯಕ್ತಿಗಳ ಶ್ರಮದಿಂದ ಮಾತ್ರ ಸಾಗಿಬಂದಿದೆ.

ಕರಾವಳಿ ಮತ್ತು ಘಟ್ಟದ ತಪ್ಪಲಿನ ನಿಸರ್ಗವನ್ನು ತಮ್ಮ ಬರವಣಿಗೆಯ ಮೂಲದ್ರವ್ಯವನ್ನಾಗಿ ಮಾಡಿಕೊಂಡ ಕೋಟ ಶಿವರಾಮ ಕಾರಂತರ (1902–1997) ಬದುಕನ್ನು ಈ ದೃಷ್ಟಿಯಿಂದ ಮತ್ತೆ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಕಾರಂತರ ಜೀವನಚರಿತ್ರೆಯ ಸ್ಥೂಲ ವಿವರಗಳು ಓದುಗರಿಗೆ ಪರಿಚಿತವೇ ಆಗಿವೆ. ಆದರೆ ಆ ಬದುಕಿನ ಒಂದೊಂದು ಘಟ್ಟವೂ ಯಾವ ಬಗೆಯ ದಾಖಲೆಯನ್ನು ಹಿಂದೆ ಬಿಟ್ಟಿತು, ಆ ದಾಖಲೆ ಯಾವ ದಾರಿಯಲ್ಲಿ ಉಳಿಯಿತು ಎಂಬ ಕಡೆಗೆ ನಮ್ಮ ಗಮನ ಹರಿದಿರುವುದು ಕಡಿಮೆ. ನೆಲ ಮತ್ತು ಮನೆ, ಬರಹ, ರಂಗಕಲೆ ಎಂಬ ಮೂರು ಬಗೆಯ ಉಳಿಕೆಗಳು ಕಾರಂತರಿಂದ ನಮಗೆ ಬಂದಿವೆ. ಈ ಮೂರೂ ಬೇರೆ ಬೇರೆ ಕೈಗಳಿಗೆ ಸೇರಿದವು. ಕಾರಂತರನ್ನು ಇಡಿಯಾಗಿ ನೋಡಲು ಇಂದು ಎದುರಾಗುವ ತೊಡಕಿಗೆ ಈ ವಿಭಜನೆಯೇ ಕಾರಣವಾಗಿದೆ.

2

ಕಾರಂತರು 1902ರ ಅಕ್ಟೋಬರ್ 10ರಂದು ಇಂದಿನ ಉಡುಪಿ ಜಿಲ್ಲೆಯ ಕೋಟದಲ್ಲಿ ಜನಿಸಿದರು. ಪಡುವಣದಲ್ಲಿ ಕಡಲು, ಮೂಡಣದಲ್ಲಿ ಘಟ್ಟ, ನಡುವೆ ಗದ್ದೆ ಬಯಲು ಮತ್ತು ಹೊಳೆಗಳಿರುವ ಈ ಕಿರಿದಾದ ಪಟ್ಟಿಯೇ ಮುಂದೆ ಅವರ ಬಹುಪಾಲು ಕಾದಂಬರಿಗಳ ಭೂಗೋಳವಾಯಿತು. ಮಂಗಳೂರಿನಲ್ಲಿ ಕಾಲೇಜು ವಿದ್ಯಾರ್ಥಿಯಾಗಿದ್ದಾಗ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ವಿದ್ಯಾಭ್ಯಾಸವನ್ನು ತೊರೆದರು. ಖಾದಿ ಪ್ರಚಾರ ಮತ್ತು ಸ್ವದೇಶಿ ಕಾರ್ಯಗಳಿಗಾಗಿ ಊರೂರು ಸುತ್ತಿದರು. ಈ ತಿರುಗಾಟವೇ ಅವರಿಗೆ ಜಿಲ್ಲೆಯ ಹಳ್ಳಿಗಳನ್ನೂ ಅಲ್ಲಿನ ಬೇಸಾಯ, ಆಹಾರ, ಆರಾಧನೆ, ಆಟಗಳನ್ನೂ ಪರಿಚಯಿಸಿತು. ಪದವಿ ಪತ್ರವಿಲ್ಲದ ಈ ಶಿಕ್ಷಣಕ್ಕೆ ದಾಖಲೆ ಯಾವುದೂ ಇಲ್ಲ. ಅದನ್ನು ಅವರ ಕೃತಿಗಳಿಂದಲೂ, 1948ರಲ್ಲಿ ಪ್ರಕಟವಾದ ಆತ್ಮಕಥೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಗ್ರಂಥದಿಂದಲೂ ಪುನರ್ರಚಿಸಿಕೊಳ್ಳಬೇಕಾಗಿದೆ.

ಇಪ್ಪತ್ತರ ದಶಕದಲ್ಲಿ ಅವರು ‘ವಸಂತ’ ಎಂಬ ಮಾಸಪತ್ರಿಕೆಯನ್ನು ನಡೆಸಿದರು. ಅವರ ಆರಂಭದ ಬರವಣಿಗೆ ಇಂಥ ನಿಯತಕಾಲಿಕಗಳನ್ನೇ ಆಶ್ರಯಿಸಿತ್ತು. ಕಡಿಮೆ ಪ್ರತಿಗಳ, ಅಗ್ಗದ ಕಾಗದದ ಆ ಕಾಲದ ಪತ್ರಿಕೆಗಳು ಕರಾವಳಿಯ ಆರ್ದ್ರ ಹವೆಯಲ್ಲಿ ಬಾಳುವುದು ಕಷ್ಟ. ವರ್ಷದಲ್ಲಿ ನಾಲ್ಕು ತಿಂಗಳು ಎಡೆಬಿಡದೆ ಮಳೆ ಸುರಿಯುವ ನಾಡಿನಲ್ಲಿ ಗೆದ್ದಲು, ಬೂಸ್ಟು, ಬೆಳ್ಳಿಮೀನು ಹುಳುಗಳು ಪುಸ್ತಕದ ನಿತ್ಯಶತ್ರುಗಳು. ಯಕ್ಷಗಾನದ ಹಳೆಯ ತಾಡವೋಲೆಗಳನ್ನು ಅರಸಿ ಮನೆಮನೆ ಅಲೆದ ಕಾರಂತರಿಗೆ ಈ ಸಂಗತಿ ತಿಳಿಯದ್ದೇನಲ್ಲ. ಇತರರ ಓಲೆಗಳನ್ನು ಹುಡುಕಿದ ಆ ಸಂಶೋಧಕರ ಸ್ವಂತ ಬರಹಗಳನ್ನೇ ಮುಂದೆ ಮತ್ತೊಬ್ಬರು ಹುಡುಕಿ ತೆಗೆಯಬೇಕಾಯಿತು.

1930ರ ಸುಮಾರಿಗೆ ಅವರು ಪುತ್ತೂರಿನಲ್ಲಿ ನೆಲೆಸಿದರು. ಅಲ್ಲಿನ ಪರ್ಲಡ್ಕದ ಗುಡ್ಡದಲ್ಲಿ ರೂಪುಗೊಂಡ ‘ಬಾಲವನ’ ಮಕ್ಕಳ ಶಿಕ್ಷಣ, ನಾಟಕ, ನೃತ್ಯಗಳ ಪ್ರಯೋಗಶಾಲೆಯಾಯಿತು. 1936ರಲ್ಲಿ ಲೀಲಾ ಅವರನ್ನು ವಿವಾಹವಾದರು. ಜಾತಿಯ ಗಡಿ ಮೀರಿದ ಆ ಮದುವೆ ಅಂದಿನ ಸಮಾಜದಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ. ಸುಮಾರು ನಾಲ್ಕು ದಶಕಗಳ ಪುತ್ತೂರಿನ ವಾಸದಲ್ಲಿ ಕಾರಂತರು ಕೈಯಿಡದ ಕ್ಷೇತ್ರವಿಲ್ಲ. ಮೂವತ್ತರ ದಶಕದ ಆರಂಭದಲ್ಲಿ ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಮೂಕಚಿತ್ರಗಳನ್ನು ತೆಗೆದರು. ಹರ್ಷ ಹೆಸರಿನ ಮುದ್ರಣಾಲಯವನ್ನೂ ಪ್ರಕಟಣಾಲಯವನ್ನೂ ನಡೆಸಿದರು. ಛಾಯಾಚಿತ್ರ, ಚಿತ್ರರಚನೆ, ಪುಸ್ತಕದ ಮುಖಪುಟ ವಿನ್ಯಾಸಗಳಲ್ಲಿ ತೊಡಗಿದರು. ಸಂರಕ್ಷಣೆಯ ದೃಷ್ಟಿಯಿಂದ ಈ ಅವಧಿ ಅತ್ಯಂತ ಜಟಿಲವಾದುದು. ಭಾರತದ ಮೂಕಚಿತ್ರಗಳಲ್ಲಿ ಬಹುಪಾಲು ನಾಶವಾಗಿವೆ. ಮುದ್ರಣಾಲಯವೆಂಬುದು ಸ್ವಭಾವತಃ ಹಸ್ತಪ್ರತಿಯನ್ನು ಸವೆಸುವ ಸ್ಥಳ: ಮೊಳೆ ಜೋಡಿಸುವವರ ಕೈಗೆ ಹೋದ ಪ್ರತಿ ಮಸಿ ಮೆತ್ತಿ, ಹರಿದು, ಅಚ್ಚಾದ ಮೇಲೆ ಮೂಲೆ ಸೇರುತ್ತದೆ. ಲೇಖಕರೇ ಮುದ್ರಕರೂ ಪ್ರಕಾಶಕರೂ ಆಗಿದ್ದಾಗ, ಬರೆದ ಪ್ರತಿಯನ್ನು ಕಾದಿಡಬೇಕೆಂಬ ಒತ್ತಾಯ ಇನ್ನೂ ಕಡಿಮೆ.

3

ಕಾರಂತರನ್ನು ನಿಸರ್ಗ ಲೇಖಕರೆಂದು ಕರೆಯುವಾಗ ಆ ಮಾತಿನ ವ್ಯಾಪ್ತಿಯನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಮನುಷ್ಯನ ದುಡಿಮೆಯಿಂದ ಬೇರ್ಪಟ್ಟ, ಬರಿಯ ನೋಟದ ನಿಸರ್ಗ ಅವರ ಕೃತಿಗಳಲ್ಲಿ ವಿರಳ. ‘ಚೋಮನ ದುಡಿ’ಯಲ್ಲಿ (1933) ನೆಲವು ಉಳುವ ಹಕ್ಕಿಲ್ಲದ ದಲಿತನ ಈಡೇರದ ಹಂಬಲವಾಗಿದೆ. ‘ಮರಳಿ ಮಣ್ಣಿಗೆ’ಯಲ್ಲಿ ಕಡಲತಡಿಯ ಉಪ್ಪುಗಾಳಿಯ ಮನೆಯೊಂದು ಮೂರು ತಲೆಮಾರುಗಳ ಏಳುಬೀಳನ್ನು ಕಾಣುತ್ತದೆ. ‘ಬೆಟ್ಟದ ಜೀವ’ದ (1943) ಗೋಪಾಲಯ್ಯ ಮತ್ತು ಶಂಕರಿ ದಂಪತಿ ಕುಮಾರಪರ್ವತದ ಬುಡದ ಕಾಡಿನಲ್ಲಿ ಅಡಿಕೆ ತೋಟ ಎಬ್ಬಿಸಿದವರು, ಮನೆಬಿಟ್ಟು ಹೋದ ಮಗನ ದಾರಿ ಕಾಯುತ್ತಿರುವವರು. ‘ಕುಡಿಯರ ಕೂಸು’ ಮಲೆಕುಡಿಯರ ಬದುಕನ್ನು ಕುರಿತದ್ದು. ಈ ಎಲ್ಲ ಕೃತಿಗಳಲ್ಲಿ ನಿಸರ್ಗದ ಅರಿವು ಮಳೆ, ಮಣ್ಣು, ಬೆಳೆ, ಮೃಗಗಳ ಜತೆ ದಿನನಿತ್ಯ ಹೆಣಗುವ ಜನರ ಮೂಲಕವೇ ಬರುತ್ತದೆ.

ಇದಕ್ಕೆ ಪೂರಕವಾದದ್ದು ಅವರ ವಿಜ್ಞಾನ ಬರವಣಿಗೆ. ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’, ಬಳಿಕ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಇವು ಒಬ್ಬರೇ ಕೈಗೊಂಡ ವಿಶ್ವಕೋಶದ ಸಾಹಸಗಳು. ಅಮೆರಿಕದ ಸಾಗರ ವಿಜ್ಞಾನಿ, ಲೇಖಕಿ ರೇಚೆಲ್ ಕಾರ್ಸನ್ ಅವರ ಕಡಲನ್ನು ಕುರಿತ ಪ್ರಸಿದ್ಧ ಗ್ರಂಥವನ್ನು ‘ನಮ್ಮ ಸುತ್ತಲಿನ ಕಡಲು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದವರೂ ಕಾರಂತರೇ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 1982ರಲ್ಲಿ ಹೊರತಂದ ಭಾರತದ ಪರಿಸರ ಸ್ಥಿತಿಯ ನಾಗರಿಕ ವರದಿಯನ್ನು ತಮ್ಮ ಎಂಬತ್ತರ ವಯಸ್ಸಿನಲ್ಲಿ ಅವರು ಕನ್ನಡಿಸಿದರು.

ಆ ಅನುವಾದದ ನಂತರ ಬರವಣಿಗೆ ಮತ್ತು ಹೋರಾಟ ಬೇರೆ ಬೇರೆಯಾಗಿ ಉಳಿಯಲಿಲ್ಲ. ಹರಿಹರದ ಕಾರ್ಖಾನೆಗೆ ತಿರುಳುಮರ ಒದಗಿಸಲು ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿ ಬೆಳೆಸುವ ಯೋಜನೆಯನ್ನು ವಿರೋಧಿಸಿ, ಸಮಾಜ ಪರಿವರ್ತನ ಸಮುದಾಯದೊಂದಿಗೆ 1986ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಕೈಗಾ ಅಣುಸ್ಥಾವರದ ವಿರುದ್ಧ ದನಿಯೆತ್ತಿ, 1989ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಕನ್ನಡದಿಂದ ಸ್ಪರ್ಧಿಸಿ ಸೋತರು. ಆಗ ಅವರಿಗೆ 87 ವರ್ಷ. ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದ್ದ ವ್ಯಕ್ತಿಗೆ ಈ ಸೋಲು ಹಿಂಜರಿಕೆಯ ಕಾರಣವಾಗಲಿಲ್ಲ.

ಈ ಭಾಗದ ದಾಖಲೆಗಳು ಲೇಖಕರ ಮೇಜಿನ ಮೇಲೆ ಉಳಿಯುವಂಥವಲ್ಲ ಎಂಬುದು ಇಲ್ಲಿ ಗಮನಾರ್ಹ. ಅರ್ಜಿ, ಮನವಿ, ಕರಪತ್ರ, ಪತ್ರಿಕೆಗೆ ಬರೆದ ಕಾಗದ ಇವೆಲ್ಲ ಬರೆದವರ ಕೈಯಿಂದ ಹೊರಟು ನ್ಯಾಯಾಲಯದ ಕಡತ, ಸಂಘಟನೆಗಳ ಕಚೇರಿ, ಸಂಪಾದಕರ ಮೇಜು, ಒಡನಾಡಿಗಳ ಮನೆಗಳಿಗೆ ಹಂಚಿಹೋಗುತ್ತವೆ. ಕಾದಂಬರಿ ಪುಸ್ತಕವಾಗಿ ಉಳಿಯುತ್ತದೆ, ಕರಪತ್ರ ಉಳಿಯುವುದಿಲ್ಲ. ಆದುದರಿಂದ ಕಾರಂತರ ಪರಿಸರ ಚಿಂತನೆಯನ್ನು ಕೇವಲ ಕಾದಂಬರಿಗಳ ಆಧಾರದಿಂದ ವಿವರಿಸುವ ಅಧ್ಯಯನಗಳು ಅರ್ಧ ಸಾಮಗ್ರಿಯನ್ನು ಕೈಬಿಟ್ಟಂತಾಗುತ್ತದೆ.

4

ಎಪ್ಪತ್ತರ ದಶಕದಲ್ಲಿ ಕಾರಂತರು ಪುತ್ತೂರನ್ನು ಬಿಟ್ಟು ಹುಟ್ಟೂರಿನ ನೆರೆಯ ಸಾಲಿಗ್ರಾಮಕ್ಕೆ ಬಂದರು. ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ 1977ರ ಜ್ಞಾನಪೀಠ ಪ್ರಶಸ್ತಿ ಸಂದಿತು. ಈ ಅವಧಿಯಲ್ಲಿ ಅವರ ಬರವಣಿಗೆಯ ವಿಧಾನದಲ್ಲಿ ಮಹತ್ವದ ಬದಲಾವಣೆಯಾಯಿತು. ಅವರು ಹೇಳುತ್ತ ಹೋದಂತೆ ಬರೆದುಕೊಳ್ಳುವ, ಪ್ರತಿಗಳನ್ನು ಸಿದ್ಧಪಡಿಸುವ, ಸಾಹಿತ್ಯಕ ಕೆಲಸಗಳಿಗೆ ನೆರವಾಗುವ ಹೊಣೆಯನ್ನು ಬಿ. ಮಾಲಿನಿ ಮಲ್ಯ ಅವರು ಹೊತ್ತರು. ಕಾರಂತರ ಕೊನೆಯ ವರ್ಷಗಳವರೆಗೂ ಅದು ಮುಂದುವರಿಯಿತು.

ಗ್ರಂಥಸಂಪಾದನಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ಸಂಗತಿ ಒಂದು ಪ್ರಶ್ನೆಯನ್ನು ಒಡ್ಡುತ್ತದೆ. ಹಳಗನ್ನಡ ಕೃತಿಗಳ ಸಂದರ್ಭದಲ್ಲಿ ಕವಿಯ ಸ್ವಹಸ್ತ ಪ್ರತಿ ಸಿಗುವುದಿಲ್ಲ, ಲಿಪಿಕಾರರ ಪ್ರತಿಗಳಿಂದಲೇ ಪಾಠ ನಿರ್ಣಯಿಸಬೇಕು ಎಂಬುದು ನಮಗೆ ರೂಢಿಯಾದ ಮಾತು. ಇಪ್ಪತ್ತನೆಯ ಶತಮಾನದ ಲೇಖಕರ ವಿಷಯದಲ್ಲಿ ಆ ತೊಡಕಿಲ್ಲವೆಂದು ಭಾವಿಸುತ್ತೇವೆ. ಆದರೆ ಬಾಯಿಯಿಂದ ಹೇಳಿ ಬರೆಸಿದ ಕೃತಿಯಲ್ಲಿ ಲೇಖಕರ ಮೂಲವೆಂದು ಹಿಡಿಯಬೇಕಾದುದು ಲಿಪಿಕಾರರ ಕೈಯಲ್ಲಿರುವ ಪ್ರತಿಯೇ. ತಿದ್ದುಪಡಿಗಳಲ್ಲಿ ಯಾವುದು ಹೇಳಿದವರದು, ಯಾವುದು ಬರೆದುಕೊಂಡವರ ಸ್ಪಷ್ಟೀಕರಣ ಎಂಬುದನ್ನು ಬಿಡಿಸಲು ಆ ಪ್ರತಿಗಳೇ ಬೇಕು. ಇಂಥ ಪ್ರತಿಯನ್ನು ನಕಲೆಂದು ಬದಿಗಿಡುವಂತಿಲ್ಲ. ಅದು ಮೊದಲ ದರ್ಜೆಯ ಆಕರ.

ಮಲ್ಯ ಅವರ ಕಾರ್ಯ ಇಷ್ಟಕ್ಕೇ ನಿಲ್ಲಲಿಲ್ಲ. ಏಳು ದಶಕಗಳ ಅವಧಿಯಲ್ಲಿ ನಿಯತಕಾಲಿಕಗಳಲ್ಲಿ, ಸಂಭಾವನಾ ಗ್ರಂಥಗಳಲ್ಲಿ ಚದುರಿಹೋಗಿದ್ದ ಕಾರಂತರ ಲೇಖನಗಳನ್ನು ಅವರು ಕಲೆಹಾಕಿದರು. ಅವು ‘ಶಿವರಾಮ ಕಾರಂತರ ಲೇಖನಗಳು’ ಎಂಬ ಹೆಸರಿನ ಎಂಟು ಸಂಪುಟಗಳಾಗಿ ಮಂಗಳೂರು ವಿಶ್ವವಿದ್ಯಾನಿಲಯದಿಂದ ಪ್ರಕಟವಾದವು. ಒಂದು ಲೇಖನದ ಇರವು ತಿಳಿಯಬೇಕು, ಅದು ಅಚ್ಚಾದ ಪತ್ರಿಕೆಯ ಸಂಚಿಕೆ ಸಿಗಬೇಕು, ಸಿಕ್ಕಿದ ಸಂಚಿಕೆಯಲ್ಲಿ ಆ ಪುಟ ಉಳಿದಿರಬೇಕು. ಇವು ಮೂರೂ ಕೂಡಿಬಂದಾಗ ಮಾತ್ರ ಒಂದು ಬರಹ ಸಂಪುಟಕ್ಕೆ ಸೇರುತ್ತದೆ. ಯಾವ ಸ್ಮಾರಕ ಭವನವೂ ಮಾಡದಷ್ಟು ಸಂರಕ್ಷಣೆಯನ್ನು ಈ ಎಂಟು ಸಂಪುಟಗಳು ಮಾಡಿವೆ ಎಂದರೆ ಅತಿಶಯೋಕ್ತಿಯಾಗದು. ಕಾದಂಬರಿಕಾರ ಕಾರಂತರ ಮರೆಯಲ್ಲಿದ್ದ ಪ್ರಬಂಧಕಾರ, ವಿಮರ್ಶಕ, ಪರಿಸರವಾದಿ ಕಾರಂತರು ಓದುಗರಿಗೆ ದೊರೆತದ್ದು ಇವುಗಳಿಂದ.

5

1994ರ ಜೂನ್ 18ರಂದು, ತಮ್ಮ 91ನೆಯ ವಯಸ್ಸಿನಲ್ಲಿ, ಕಾರಂತರು ಉಯಿಲು ಬರೆದರು. ತಮ್ಮ ಸಾಹಿತ್ಯಕೃತಿಗಳ ಹಕ್ಕುಸ್ವಾಮ್ಯವನ್ನು ಮಾಲಿನಿ ಮಲ್ಯ ಅವರಿಗೆ ನೀಡಿದರು. ಉಯಿಲಿನಲ್ಲಿ ಬೇರೆಯಾಗಿ ಹೆಸರಿಸದೆ ಉಳಿದ ಇತರ ಆಸ್ತಿಯೂ ಅವರಿಗೇ ಸೇರತಕ್ಕದ್ದೆಂಬ ಒಂದು ಉಳಿಕೆಯ ಕಲಮನ್ನೂ ಅದರಲ್ಲಿ ಸೇರಿಸಿದ್ದರು. 1997ರ ಡಿಸೆಂಬರ್ 9ರಂದು ಕಾರಂತರು ನಿಧನರಾದರು. ಸಾಮಾನ್ಯವಾಗಿ ಯಾರೂ ಗಮನವಿಟ್ಟು ಓದದ ಆ ಉಳಿಕೆಯ ಕಲಮು ಮುಂದೆ ಸರ್ವೋಚ್ಚ ನ್ಯಾಯಾಲಯದ ಪರಿಶೀಲನೆಗೆ ಒಳಗಾಯಿತು.

ಅದಕ್ಕೆ ಕಾರಣವಾದದ್ದು ಯಕ್ಷಗಾನ. ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದಿದ್ದ ಕಾರಂತರು ಸಂಶೋಧನೆಯಷ್ಟಕ್ಕೇ ತೃಪ್ತರಾಗಿರಲಿಲ್ಲ. ರಾಗ, ತಾಳ, ವೇಷಭೂಷಣ, ರಂಗಸಜ್ಜುಗಳನ್ನು ಪರಿಷ್ಕರಿಸಿ ‘ಯಕ್ಷರಂಗ’ವೆಂಬ ನೃತ್ಯರೂಪಕದ ಪ್ರಕಾರವನ್ನು ರೂಪಿಸಿದರು. ಭೀಷ್ಮವಿಜಯ, ನಳದಮಯಂತಿ, ಕನಕಾಂಗಿ, ಅಭಿಮನ್ಯು ವಧೆ, ಚಿತ್ರಾಂಗದಾ, ಪಂಚವಟಿ, ಗಂಗಾಚರಿತ ಎಂಬ ಏಳು ಪ್ರಸಂಗಗಳನ್ನು ಇದಕ್ಕಾಗಿ ಅಳವಡಿಸಿದರು. ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಆಶ್ರಯದ ಸಂಸ್ಥೆಯಲ್ಲಿ ನಿರ್ದೇಶಕರಾಗಿದ್ದು ಈ ಪ್ರಯೋಗಗಳನ್ನು ನಡೆಸಿದ್ದರು. 2001ರ ಸೆಪ್ಟೆಂಬರ್ 18ರಂದು ದೆಹಲಿಯಲ್ಲಿ ಆ ಸಂಸ್ಥೆಯಿಂದ ನಡೆದ ಪ್ರದರ್ಶನಕ್ಕೆ ತಮ್ಮ ಅನುಮತಿ ಪಡೆದಿರಲಿಲ್ಲವೆಂದು ಮಲ್ಯ ಅವರು ದಾವೆ ಹೂಡಿದರು. ಉಡುಪಿಯ ಜಿಲ್ಲಾ ನ್ಯಾಯಾಲಯ 2003ರಲ್ಲಿ ಅವರ ಪರವಾಗಿ ತೀರ್ಪು ನೀಡಿತು. ಉಚ್ಚ ನ್ಯಾಯಾಲಯ 2007ರಲ್ಲಿ ಅದನ್ನು ಎತ್ತಿಹಿಡಿಯಿತು.

2009ರ ಜನವರಿ 23ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾನೂನಿನ ದೃಷ್ಟಿಯಲ್ಲಿ ಸಾಹಿತ್ಯಕೃತಿ ಬೇರೆ, ನೃತ್ಯವನ್ನು ಒಳಗೊಂಡ ನಾಟಕಕೃತಿ ಬೇರೆ ಎಂಬ ವಿವೇಚನೆಯನ್ನು ಮಾಡಿತು. ಸಾಹಿತ್ಯದ ಹಕ್ಕನ್ನು ಕೊಟ್ಟ ಕಲಮಿನಿಂದ ಮಾತ್ರ ರಂಗಕೃತಿಯ ಹಕ್ಕು ಬರುವಂತಿರಲಿಲ್ಲ. ಉಳಿಕೆಯ ಕಲಮು ಇದ್ದುದರಿಂದ ಅದೂ ಮಲ್ಯ ಅವರಿಗೆ ಸೇರಿತು. ಅದೇ ವೇಳೆಗೆ, ಶಿಕ್ಷಣ ಸಂಸ್ಥೆಗಳಲ್ಲಿ ಅಥವಾ ಹಣ ತೆರದ ಪ್ರೇಕ್ಷಕರ ಮುಂದೆ ನಡೆಯುವ ಪ್ರದರ್ಶನಗಳೇ ಮೊದಲಾದವುಗಳಿಗೆ ಶಾಸನವೇ ನೀಡಿರುವ ವಿನಾಯಿತಿಗಳನ್ನು ತಡೆಯಾಜ್ಞೆ ಕಸಿದುಕೊಳ್ಳಲಾಗದೆಂದು ಸ್ಪಷ್ಟಪಡಿಸಿತು.

ಈ ಪ್ರಕರಣದಲ್ಲಿ ಎರಡು ನ್ಯಾಯವಾದ ಹಕ್ಕುಗಳು ಎದುರುಬದುರಾಗಿದ್ದವು. ಪ್ರಯೋಗಕ್ಕೆ ನೆಲೆ, ಕಲಾವಿದರು, ವೇದಿಕೆ ಒದಗಿಸಿದ ಸಂಸ್ಥೆಯಿಲ್ಲದೆ ಯಕ್ಷರಂಗ ಬೆಳೆಯುತ್ತಿರಲಿಲ್ಲ. ಪರಿಷ್ಕರಿಸಿದವರು ಕಾರಂತರಾದ್ದರಿಂದ ಅದರ ರೂಪವನ್ನು ಕಾಯುವ ಹೊಣೆ ಅವರು ನೇಮಿಸಿದವರದು ಎಂಬುದೂ ಅಷ್ಟೇ ಸರಿ. ಲೇಖಕರು ಬದುಕಿರುವಾಗಲೇ ಹಕ್ಕುಗಳನ್ನು ಬಿಡಿಬಿಡಿಯಾಗಿ ನಿರ್ದಿಷ್ಟಪಡಿಸಿದ್ದರೆ ಎಂಟು ವರ್ಷಗಳ ವ್ಯಾಜ್ಯ ಬೇಕಾಗುತ್ತಿರಲಿಲ್ಲ. 1957ರ ಕೃತಿಸ್ವಾಮ್ಯ ಅಧಿನಿಯಮದ 20ನೆಯ ಪ್ರಕರಣವೂ ಈ ಸಂದರ್ಭದಲ್ಲಿ ನೆನಪಿಡಬೇಕಾದುದು: ಅಪ್ರಕಟಿತ ಕೃತಿಯ ಹಸ್ತಪ್ರತಿಯನ್ನು ಉಯಿಲಿನ ಮೂಲಕ ಪಡೆದವರಿಗೆ, ಉಯಿಲಿನಲ್ಲಿ ಬೇರೆ ಇಂಗಿತವಿಲ್ಲದಿದ್ದರೆ, ಅದರ ಹಕ್ಕುಸ್ವಾಮ್ಯವೂ ಸೇರುತ್ತದೆ. ಪೆಟ್ಟಿಗೆಯಲ್ಲಿರುವ ಹಳೆಯ ಕಾಗದದ ಕಟ್ಟು ಬರಿಯ ಕಾಗದವಲ್ಲವೆಂಬುದನ್ನು ಕನ್ನಡ ಲೇಖಕರ ಕುಟುಂಬಗಳು ಅರಿಯುವುದು ಅಗತ್ಯ.

6

ಕಾರಂತರ ನೆಲ ಮತ್ತು ಮನೆಯ ಕಥೆ ಬೇರೆಯೇ ದಾರಿ ಹಿಡಿಯಿತು. ಪುತ್ತೂರಿನ ಬಾಲವನ ಸರ್ಕಾರದ ಆಡಳಿತಕ್ಕೆ ಬಂದಿತು. ಶಿಥಿಲಗೊಂಡಿದ್ದ ಮನೆಯನ್ನು ಮೂಲರೂಪ ಕೆಡದಂತೆ ದುರಸ್ತಿಗೊಳಿಸುವ ಕೆಲಸ ಅವರು ಗತಿಸಿ ಎಷ್ಟೋ ವರ್ಷಗಳ ಬಳಿಕ ನಡೆಯಿತು. ಕೋಟತಟ್ಟು ಗ್ರಾಮದಲ್ಲಿ ಅವರ ಹೆಸರಿನ ಥೀಮ್ ಪಾರ್ಕ್ ಇದೆ. ಒಂದು ಗ್ರಾಮ ಪಂಚಾಯಿತಿ ಲೇಖಕರೊಬ್ಬರ ಸ್ಮರಣೆಯ ಹೊಣೆ ಹೊತ್ತದ್ದು ಪ್ರಶಂಸಾರ್ಹ. ಮಂಗಳೂರು ಬಳಿಯ ಪಿಲಿಕುಳ ನಿಸರ್ಗಧಾಮಕ್ಕೂ ಅವರ ಹೆಸರಿದೆ.

ಬೆಂಗಳೂರಿನ ಉತ್ತರಕ್ಕೆ, ದೊಡ್ಡಬಳ್ಳಾಪುರ ರಸ್ತೆ ಮತ್ತು ಹೆಸರಘಟ್ಟ ರಸ್ತೆಗಳ ನಡುವಿನ 17 ಗ್ರಾಮಗಳ 3,546 ಎಕರೆ ಭೂಮಿಯಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ರೂಪಿಸಿದ ಬಡಾವಣೆಗೂ ಡಾ. ಕೆ. ಶಿವರಾಮ ಕಾರಂತರ ಹೆಸರನ್ನೇ ಇಡಲಾಯಿತು. 2008ರ ಡಿಸೆಂಬರ್‌ನಲ್ಲಿ ಅದರ ಪ್ರಾಥಮಿಕ ಅಧಿಸೂಚನೆ ಹೊರಬಿತ್ತು. ಉಳುವ ನೆಲಕ್ಕಾಗಿ ಹಂಬಲಿಸಿದ ಚೋಮನನ್ನು ಸೃಷ್ಟಿಸಿದ, ಮಣ್ಣಿಗೆ ಮರಳುವುದನ್ನೇ ಒಂದು ಕಾದಂಬರಿಯ ಹೆಸರಾಗಿಸಿದ ಲೇಖಕರ ಹೆಸರು ಬೇಸಾಯದ ಭೂಮಿಯನ್ನು ನಿವೇಶನಗಳಾಗಿ ಮಾರ್ಪಡಿಸುವ ಯೋಜನೆಗೆ ಬಂದದ್ದು ವಿಪರ್ಯಾಸ. ಹೆಸರಿನ ಸ್ಮರಣೆ ಕೃತಿಯ ಓದಿನಿಂದ ಬೇರ್ಪಟ್ಟಾಗ ಇಂಥದು ಸಂಭವಿಸುತ್ತದೆ.

ಈ ಸ್ಥಿತಿಯನ್ನು ಇತರ ಉದಾಹರಣೆಗಳ ಪಕ್ಕದಲ್ಲಿಟ್ಟು ನೋಡಬಹುದು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನವು ಕವಿಮನೆಯನ್ನು ಸಂಗ್ರಹಾಲಯವಾಗಿ ಕಾಪಾಡಿಕೊಂಡು ಬಂದಿದೆ. ಮನೆ, ವಸ್ತುಗಳು, ಕವಿಶೈಲದ ಸಮಾಧಿ, ಸುತ್ತಣ ಕಾಡು ಎಲ್ಲವೂ ಒಂದೇ ಆವರಣದಲ್ಲಿ ಇರುವುದು ಅದರ ವೈಶಿಷ್ಟ್ಯ. ಆದರೂ 2015ರ ನವೆಂಬರ್‌ನಲ್ಲಿ ಅಲ್ಲಿಂದ ಕವಿಯ ಪದ್ಮ ಪ್ರಶಸ್ತಿಯ ಪದಕಗಳು ಕಳವಾದವು. ಎಲ್ಲ ವಸ್ತುಗಳೂ ಒಂದೆಡೆ ಇರುವುದರ ಅಪಾಯವನ್ನೂ ಆ ಘಟನೆ ತೋರಿಸಿತು. ಕಾರಂತರು ಅನುವಾದಿಸಿದ ರೇಚೆಲ್ ಕಾರ್ಸನ್ ಅವರ ವಿಷಯದಲ್ಲಿ, ಪೆನ್ಸಿಲ್ವೇನಿಯಾದ ಸ್ಪ್ರಿಂಗ್‌ಡೇಲ್‌ನಲ್ಲಿರುವ ಅವರು ಹುಟ್ಟಿದ ಮನೆ ಸ್ಮಾರಕವಾಗಿ ಉಳಿದಿದೆ. ಪತ್ರಗಳು, ಕರಡುಗಳು, ಟಿಪ್ಪಣಿಗಳು ಯೇಲ್ ವಿಶ್ವವಿದ್ಯಾಲಯದ ಬೈನೆಕೆ ಗ್ರಂಥಾಲಯದಲ್ಲಿ ವರ್ಗೀಕೃತವಾಗಿ ಸಂಶೋಧಕರಿಗೆ ದೊರೆಯುತ್ತವೆ. ಮನೆಯ ಕೆಲಸವನ್ನು ಮನೆ ಮಾಡುತ್ತದೆ, ಪತ್ರಾಗಾರದ ಕೆಲಸವನ್ನು ಪತ್ರಾಗಾರ ಮಾಡುತ್ತದೆ. ಸಂದರ್ಶಕರಿಗೆ ಬೇಕಾದ ವಸ್ತು ಮತ್ತು ಸಂಶೋಧಕರಿಗೆ ಬೇಕಾದ ಕಾಗದ ಎರಡನ್ನೂ ಒಂದೇ ಗಾಜಿನ ಪೆಟ್ಟಿಗೆಯಲ್ಲಿಡುವ ನಮ್ಮ ಪದ್ಧತಿ ಈ ಭೇದವನ್ನು ಗುರುತಿಸಿಲ್ಲ.

7

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ವ್ಯಕ್ತವಾಗುತ್ತವೆ. ಕಾರಂತರ ಉಳಿಕೆಯಲ್ಲಿ ಮನೆ ಸರ್ಕಾರಕ್ಕೂ, ಬರಹದ ಹಕ್ಕು ಲಿಪಿಕಾರರಾಗಿದ್ದವರಿಗೂ, ರಂಗಪ್ರಯೋಗದ ಪರಂಪರೆ ಸಂಸ್ಥೆಯೊಂದಕ್ಕೂ, ಹೋರಾಟದ ದಾಖಲೆಗಳು ಸಂಘಟನೆಗಳಿಗೂ, ನೆನಪು ಕುಟುಂಬಕ್ಕೂ ಹಂಚಿಹೋದವು. ಅವರ ಮೂವರು ಮಕ್ಕಳು ಕೂಡಿ 2021ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ‘ಗ್ರೋಯಿಂಗ್ ಅಪ್ ಕಾರಂತ್’ ಎಂಬ ಸ್ಮೃತಿಗ್ರಂಥ ಈ ಕೊನೆಯ ಭಾಗವನ್ನು ದಾಖಲಿಸಿದೆ. ಇವೆಲ್ಲವನ್ನೂ ಒಂದೇ ಕಟ್ಟಡಕ್ಕೆ ತರುವುದು ಸಾಧ್ಯವೂ ಅಲ್ಲ, ಅವಶ್ಯಕವೂ ಅಲ್ಲ. ಯಾವುದು ಎಲ್ಲಿದೆ ಎಂದು ತಿಳಿಸುವ ಒಂದು ಸಮಗ್ರ ಸೂಚಿ ಅವಶ್ಯಕ.

ಈ ಸೂಚಿಯನ್ನು ಸಿದ್ಧಪಡಿಸುವ ಕೆಲಸಕ್ಕೆ ಕನ್ನಡ ಅಧ್ಯಯನ ವಿಭಾಗಗಳೇ ತಕ್ಕ ಸ್ಥಳ. ತಾಡವೋಲೆ ಮತ್ತು ಕೋರಿಕಾಗದದ ಪ್ರತಿಗಳ ಸೂಚಿಗಳನ್ನು ರಚಿಸುವ ವಿಧಾನದಲ್ಲಿ ನಮ್ಮ ವಿಭಾಗಗಳಿಗೆ ದೀರ್ಘ ಅನುಭವವಿದೆ. ಪ್ರತಿಯ ಅಳತೆ, ಗರಿಗಳ ಸಂಖ್ಯೆ, ಲಿಪಿಕಾರ, ಕಾಲ, ಶಿಥಿಲಾವಸ್ಥೆಗಳನ್ನು ಗುರುತಿಸುವ ಅದೇ ಶಿಸ್ತನ್ನು ಆಧುನಿಕ ಲೇಖಕರ ಪತ್ರ, ಕರಡಚ್ಚು, ದಿನಚರಿ, ಧ್ವನಿಸುರುಳಿ, ಛಾಯಾಚಿತ್ರಗಳಿಗೆ ಅನ್ವಯಿಸಬೇಕಾಗಿದೆ. ಕರಾವಳಿಯಂಥ ಪ್ರದೇಶದಲ್ಲಿ ತೇವಾಂಶವನ್ನು ತಡೆಯುವ ವ್ಯವಸ್ಥೆ, ಆಮ್ಲರಹಿತ ಹೊದಿಕೆ, ಅಂಕೀಕೃತ ಪ್ರತಿ ಇವು ಇಂದು ದೊಡ್ಡ ವೆಚ್ಚದ ಸಂಗತಿಗಳಲ್ಲ. ಕಾರಂತರ ಒಡನಾಟ ಕಂಡ ಪೀಳಿಗೆ ಕಣ್ಮರೆಯಾಗುತ್ತಿರುವುದರಿಂದ, ಅವರು ಬರೆದ ಕಾಗದಗಳು ಯಾವ ಮನೆಯಲ್ಲಿವೆ ಎಂಬುದನ್ನು ಹೇಳಬಲ್ಲವರೂ ಕಡಿಮೆಯಾಗುತ್ತಿದ್ದಾರೆ.

ಭಾರತದ ಕಾನೂನಿನಂತೆ ಲೇಖಕರ ಮರಣಾನಂತರ 60 ವರ್ಷಗಳವರೆಗೆ ಹಕ್ಕುಸ್ವಾಮ್ಯ ಉಳಿಯುವುದರಿಂದ, ಕಾರಂತರ ಜೀವಿತಕಾಲದಲ್ಲಿ ಅಚ್ಚಾದ ಕೃತಿಗಳು 2057ರ ಕೊನೆಗೆ ಸಾರ್ವಜನಿಕ ಸ್ವತ್ತಾಗುತ್ತವೆ. ಆ ವೇಳೆಗೆ ಅವುಗಳನ್ನು ಶುದ್ಧಪಾಠದೊಂದಿಗೆ ಮತ್ತೆ ಸಂಪಾದಿಸಬಯಸುವ ವಿದ್ವಾಂಸರಿಗೆ ಮೊದಲ ಮುದ್ರಣಗಳೂ, ಹೇಳಿ ಬರೆಸಿದ ಪ್ರತಿಗಳೂ, ಪತ್ರವ್ಯವಹಾರವೂ ಬೇಕಾಗುತ್ತವೆ. ಅವುಗಳಲ್ಲಿ ಎಷ್ಟು ಅವರ ಕೈಗೆ ಸಿಗುತ್ತವೆ ಎಂಬುದು ನಡುವಿನ ಈ ವರ್ಷಗಳಲ್ಲಿ ನಾವು ಮಾಡುವ ಕೆಲಸವನ್ನು ಅವಲಂಬಿಸಿದೆ.